ಮುದ್ರೆ ಬೀಳದ ಕಡತಗಳು

ಪುಣೆಯ ಕನ್ನಡದವರಲ್ಲಿ ರಕ್ಷಣಾ ಇಲಾಖೆಯ ನೌಕರಿಯವರು ಸುಮಾರು ಮಂದಿ. ಸೇನೆಯ ದಕ್ಷಿಣ ಕಮಾಂಡ್ ಇರೋದು ಇಲ್ಲೇ. ಖಡಕ್‌ವಾಸ್ಲಾದಲ್ಲಿ ಸೇನಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ, ಪಾಷಾಣ್ ಬಡಾವಣೆ ಕಡೆ ರಕ್ಷಣಾ ಸಂಶೋಧನೆ ನಡೆಸುವ ಡಿಆರ್‌ಡಿಒ ಲ್ಯಾಬುಗಳು. ಇವರ ಮಾತಲ್ಲಿ ಆಗಾಗ ಕಿವಿಗೆ ಬೀಳುವ ಪದ 'ಅನ್‌ಕ್ಲಾಸಿಫೈಡ್'.

ಸರ್ಕಾರಿ ಕಾಗದಕ್ಕೆ ಗುಟ್ಟಿನ ಮುದ್ರೆ ನಾಲ್ಕು ಬಗೆ: ಟಾಪ್ ಸೀಕ್ರೆಟ್, ಸೀಕ್ರೆಟ್, ಕಾನ್ಫಿಡೆನ್ಶಿಯಲ್, ರಿಸ್ಟ್ರಿಕ್ಟೆಡ್. ಇದ್ಯಾವುದೂ ಬೀಳದ್ದು ಅನ್‌ಕ್ಲಾಸಿಫೈಡ್. ಜನ ಇದನ್ನು 'ಡಿಕ್ಲಾಸಿಫೈಡ್' ಜೊತೆ ಬೆರೆಸಿಬಿಡುತ್ತಾರೆ. 2016ರ ಜನವರಿ 23ರಂದು ನೇತಾಜಿಯವರ 100 ಕಡತಗಳು ಹೊರಬಂದವಲ್ಲ, ಅಲ್ಲಿ ಸಲ್ಲುವ ಪದ ಅದು. ಮೊದಲು ಗುಟ್ಟಾಗಿದ್ದು ಆಮೇಲೆ ಬಿಡುಗಡೆಯಾದದ್ದು.

ಮುದ್ರೆ ಇಲ್ಲ ಅಂದಮಾತ್ರಕ್ಕೆ ಎಲ್ಲಾ ಎಲ್ಲರ ಕೈಗೂ ಸಿಗಲ್ಲ. ಯಾರದೋ ಆಸ್ಪತ್ರೆ ಚೀಟಿ ನಮಗ್ಯಾಕೆ ಬೇಕು, ಅಲ್ವಾ? ಹಾಗೇ, ಮುದ್ರೆ ತೋರಿಸಿ ಬಾಯಿ ಮುಚ್ಚಿಸೋಕೂ ಆಗಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಕಲಂ ಪ್ರಕಾರ, ಆಗುವ ಹಾನಿಗಿಂತ ಜನರ ಹಿತ ದೊಡ್ಡದಾದರೆ 1923ರ ಅಧಿಕೃತ ರಹಸ್ಯ ಕಾಯ್ದೆ ಇದ್ದರೂ ಮಾಹಿತಿ ಕೊಡಬಹುದು. ಡಿಆರ್‌ಡಿಒಗೆ ಮಾಹಿತಿ ಹಕ್ಕು ಕಾಯ್ದೆಯಿಂದ ವಿನಾಯಿತಿ ಇದೆ. ಆದರೂ ಭ್ರಷ್ಟಾಚಾರ, ಮಾನವ ಹಕ್ಕಿನ ದೂರು ಬಂದರೆ ಅಲ್ಲೂ ಕೇಳಬಹುದು.

ನಮ್ಮ ದಿನದ ಬದುಕಿಗೆ ತಾಗೋದು ಮಾತ್ರ ಮುದ್ರೆ ಇಲ್ಲದ ಈ ರಾಶಿಯೇ. ನನಗೆ ಪುಣೆಯಲ್ಲಿ ತುಂಬಾ ಹಿಡಿಸಿದ್ದು ಇಲ್ಲಿನ ಪಾಲಿಕೆ ಹಾಕಿಕೊಟ್ಟ ಒಂದು ಪದ್ಧತಿ. ಸೋಮವಾರ ಮಧ್ಯಾಹ್ನ 3ರಿಂದ 5, ಯಾರು ಬೇಕಾದರೂ ಬಂದು ಕಡತ ನೋಡಬಹುದು ಅಂತ ಅದು ಗೊತ್ತುಮಾಡಿತ್ತು. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಇದನ್ನೇ ಉಳಿದ ಪಾಲಿಕೆಗಳಿಗೂ ಜಿಲ್ಲಾ ಕಚೇರಿಗಳಿಗೂ ಹೇಳಿತು.

ರಸ್ತೆ ಕೆಲಸದ ಕಡತವನ್ನೇ ತಗೊಳ್ಳಿ. ಅಂದಾಜುಪಟ್ಟಿ, ಟೆಂಡರ್, ಕಾರ್ಯಾದೇಶ, ಬಿಲ್ಲು. ಎಲ್ಲಕ್ಕಿಂತ ಮುಖ್ಯ ಅಳತೆ ಪುಸ್ತಕ. ಎಂಜಿನಿಯರ್ ಅಳೆದ ಉದ್ದ, ಅಗಲ, ದಪ್ಪ ಅದರಲ್ಲಿರುತ್ತದೆ. ಬಿಲ್ಲು ಪಾಸಾಗೋದು ಆ ಅಂಕಿ ನೋಡಿಯೇ. ಅದನ್ನು ಬರೆದುಕೊಂಡು ಬಂದು ನಿಮ್ಮ ಮನೆ ಮುಂದಿನ ರಸ್ತೆಗೆ ಟೇಪು ಹಿಡಿಯಬಹುದು. ಮರಾಠಿ ಬರದವರು ಓದಬಲ್ಲವರನ್ನು ಕರ್ಕೊಂಡು ಹೋದರೆ ಒಳ್ಳೇದು, ಟಿಪ್ಪಣಿಗಳೆಲ್ಲ ಮರಾಠಿಯಲ್ಲೇ.

ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ ಪಾಲಿಕೆಗಳೂ ವಾರಕ್ಕೆ ಎರಡು ಗಂಟೆ ಹೀಗೆ ಬಾಗಿಲು ತೆರೆದಿಡಲಿ ಅನ್ನೋದು ನನ್ನ ಆಸೆ. ನಿಮ್ಮ ವಾರ್ಡಿನ ಸದಸ್ಯರು ಸಿಕ್ಕಾಗ ಕೇಳಿ ನೋಡಿ.