ಮೋಟರ್‌ಗೆ ಎಷ್ಟು ಓಮ್ ಬರಬೇಕು ಎಂದು ಕೇಳುವವರಿಗೆ

ಮನೆಯ ಹಿಂದಿನ ಶೆಡ್ಡಿನಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ ಒಂದು ಮರದ ಲೇತು, ಒಂದು ಗ್ರೈಂಡರ್, ಒಂದು ಗರಗಸದ ಬೆಂಚು ಇಟ್ಟುಕೊಂಡು ರಜಾದಿನಗಳನ್ನು ಕಳೆಯುವ ಅನೇಕರು ನನಗೆ ಪರಿಚಿತರು. ಯಂತ್ರ ಕೆಟ್ಟ ದಿನ ಅವರೆಲ್ಲರೂ ಕೇಳುವುದು ಒಂದೇ ಪ್ರಶ್ನೆಯನ್ನು: "ಸರ್, ಮೋಟರ್‌ಗೆ ಎಷ್ಟು ಓಮ್ ಬರಬೇಕು?" ಓಮ್ ಎಂದರೆ ಕರೆಂಟಿಗೆ ತಂತಿ ಒಡ್ಡುವ ತಡೆಯ, ಅಂದರೆ ರೋಧದ ಅಳತೆ. ಈ ಪ್ರಶ್ನೆ ಡಾಕ್ಟರಿಗೆ ಫೋನ್ ಮಾಡಿ ಮನುಷ್ಯನ ಎತ್ತರ ಎಷ್ಟಿರಬೇಕು ಎಂದು ಕೇಳಿದ ಹಾಗಿದೆ. ಯಾವ ಎರಡು ತುದಿಗಳ ನಡುವೆ ಅಳೆದಿರಿ, ಮೋಟರ್ ಹೊರಡಲು ನೆರವಾಗುವ ಕೆಪಾಸಿಟರ್ ಬಿಚ್ಚಿದ್ದಿರೋ ಇಲ್ಲವೋ, ಮೋಟರ್ ತಣ್ಣಗಿತ್ತೋ ಬಿಸಿಯಾಗಿತ್ತೋ ಎಂಬುದೊಂದನ್ನೂ ಹೇಳದೆ, ಓಮ್, ವೋಲ್ಟ್ ಅಳೆಯುವ ಮೀಟರಿನ ಫೋಟೊ ಒಂದನ್ನು ಕಳುಹಿಸಿ "ಇದು ಓಕೆನಾ?" ಎಂದು ಕೇಳಿದರೆ ನನ್ನ ಉತ್ತರ: ಗೊತ್ತಿಲ್ಲ. ಇಷ್ಟು ಹೇಳಿದರೆ ಜಂಬ ಎನ್ನುತ್ತಾರೆ. ಆದ್ದರಿಂದ ಒಮ್ಮೆ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಮನೆಯ ಕಾರ್ಯಾಗಾರಗಳಲ್ಲಿ ಸಾಮಾನ್ಯವಾಗಿ ಕಾಣುವ 1 ಎಚ್‌ಪಿಯ ಸಿಂಗಲ್ ಫೇಸ್ ಮೋಟರಿನೊಳಗೆ ಎರಡು ಸುರುಳಿಗಳಿರುತ್ತವೆ. ದಪ್ಪ ತಂತಿಯ ರನ್ನಿಂಗ್ ವೈಂಡಿಂಗಿನ ರೋಧ ಕಡಿಮೆ, ತೆಳು ತಂತಿಯ ಸ್ಟಾರ್ಟಿಂಗ್ ವೈಂಡಿಂಗಿನದು ಹೆಚ್ಚು. ಮೊದಲನೆಯದು 3 ಓಮ್, ಎರಡನೆಯದು 7 ಓಮ್ ಇದೆ ಎಂದುಕೊಳ್ಳಿ. ಎರಡೂ ಸುರುಳಿಗಳು ಸೇರುವ ಕಾಮನ್ ತುದಿಯನ್ನು ಬಿಟ್ಟು ಉಳಿದೆರಡು ತುದಿಗಳ ನಡುವೆ ಅಳೆದರೆ ಅವೆರಡರ ಮೊತ್ತ, ಅಂದರೆ 10 ಓಮ್ ಬರಬೇಕು. ನೋಡಬೇಕಾದದ್ದು ಈ ಲೆಕ್ಕ ಕೂಡುತ್ತದೆಯೇ ಎಂಬುದನ್ನು. 3 ಎಂಬ ಅಂಕಿಯಲ್ಲಿ ಏನೂ ಇಲ್ಲ, ಇನ್ನೊಂದು ಕಂಪನಿಯ ಮೋಟರಿನಲ್ಲಿ ಅದು 2 ಆಗಿರಬಹುದು ಅಥವಾ 4 ಆಗಿರಬಹುದು. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಶೇಕಡದಷ್ಟು ಏರುತ್ತದೆಯಾದ್ದರಿಂದ, ಆಗಷ್ಟೇ ನಿಂತ ಬಿಸಿ ಮೋಟರಿನಲ್ಲಿ ಅದೇ 3 ಓಮ್ 3.7ರ ಹತ್ತಿರ ಕಾಣಿಸಿದರೂ ಗಾಬರಿಯಾಗಬೇಕಿಲ್ಲ. ಮೀಟರಿನ ವೈರುಗಳಿಗೂ ಸ್ವಂತ ರೋಧ ಇರುತ್ತದೆ. ಆ ವೈರುಗಳ ತುದಿಯ ಎರಡು ಮುಳ್ಳುಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ 0.2 ಅಥವಾ 0.3 ಓಮನ್ನು ಕಳೆಯದೆ ಅಳೆದರೆ ಇಂಥ ಸಣ್ಣ ಅಂಕಿಗಳಿಗೆ ಬೆಲೆಯೇ ಇಲ್ಲ.

ಸ್ವಲ್ಪ ಓದಿಕೊಂಡವರ ಪ್ರಶ್ನೆ ಇನ್ನೊಂದು ಬಗೆಯದು. "230 ವೋಲ್ಟನ್ನು 3 ಓಮ್‌ನಿಂದ ಭಾಗಿಸಿದರೆ ಸುಮಾರು 77 ಆಂಪಿಯರ್ ಆಗುತ್ತದೆ, ಮತ್ತೆ ಎಂಸಿಬಿ ಯಾಕೆ ಬೀಳುವುದಿಲ್ಲ?" (ಎಂಸಿಬಿ ಎಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್.) ಭಾಗಾಕಾರ ಸರಿಯಾಗಿದೆ, ಅನ್ವಯಿಸಿದ ಜಾಗ ಸರಿಯಿಲ್ಲ. ಮೀಟರ್ ಅಳೆಯುವುದು ನೇರ ವಿದ್ಯುತ್ತಿಗೆ ತಂತಿ ಒಡ್ಡುವ ರೋಧವನ್ನು ಮಾತ್ರ. ಪರ್ಯಾಯ ವಿದ್ಯುತ್ತನ್ನು ಸುರುಳಿಯ ಕಾಂತಕ್ಷೇತ್ರವೂ ತಡೆಯುತ್ತದೆ, ಮೋಟರ್ ತಿರುಗತೊಡಗಿದ ಮೇಲೆ ಅದರೊಳಗೆ ಹುಟ್ಟುವ ಎದುರು ವೋಲ್ಟೇಜ್ ಇನ್ನೂ ತಡೆಯುತ್ತದೆ. ಆದ್ದರಿಂದಲೇ ಅದೇ ಮೋಟರ್ ಓಡುವಾಗ 7 ಆಂಪಿಯರ್ ಆಸುಪಾಸಿನಲ್ಲಿ ತೃಪ್ತವಾಗಿರುತ್ತದೆ, ಹೊರಡುವ ಕ್ಷಣದಲ್ಲಿ ಮಾತ್ರ ಅದರ ಐದಾರು ಪಟ್ಟು ಎಳೆಯುತ್ತದೆ.

ನನಗೆ ನಿಜವಾಗಿ ಸಿಟ್ಟು ಬರುವುದು "ಮೀಟರ್ ಬೀಪ್ ಅಂತಿದೆ ಸರ್, ವೈರಿಂಗ್ ಎಲ್ಲಾ ಪರ್ಫೆಕ್ಟ್" ಎಂಬ ಮಾತಿಗೆ. ಬಹುಪಾಲು ಮೀಟರ್‌ಗಳು 30ರಿಂದ 50 ಓಮ್‌ವರೆಗೂ ಬೀಪ್ ಎನ್ನುತ್ತವೆ, ಮತ್ತು ಅಳೆಯಲು ಅವು ಹರಿಸುವ ಕರೆಂಟು ಒಂದು ಮಿಲಿಆಂಪಿಯರ್ ಆಸುಪಾಸಿನದು. ಹದಿನಾರು ಎಳೆಗಳಲ್ಲಿ ಹದಿನೈದು ತುಂಡಾಗಿ ಒಂದೇ ಉಳಿದ ವೈರು ಕೂಡ ಅಷ್ಟು ಕರೆಂಟನ್ನು ನಗುನಗುತ್ತಾ ದಾಟಿಸುತ್ತದೆ.

ಶಿರಸಿಯ ಕಡೆ ಇರುವ ನನ್ನ ಭಾವನ ಗರಗಸದ ಕಥೆ ಇದೇ. ಸ್ವಿಚ್ ಹಾಕಿದರೆ ಮೋಟರ್ ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಕೆಪಾಸಿಟರ್ ಬದಲಾಯಿಸಿದ್ದರು, ಮೋಟರ್ ವೇಗ ಹಿಡಿದ ಮೇಲೆ ಸ್ಟಾರ್ಟಿಂಗ್ ವೈಂಡಿಂಗನ್ನು ಕಡಿಯುವ ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ಕಾಂಟ್ಯಾಕ್ಟುಗಳನ್ನು ಉಜ್ಜಿದ್ದರು, ಕೊನೆಗೆ ಹಣ ಸುರಿದು ರಿವೈಂಡಿಂಗ್, ಅಂದರೆ ಸುರುಳಿಗಳನ್ನು ಹೊಸದಾಗಿ ಸುತ್ತಿಸುವ ಕೆಲಸ ಕೂಡ ಮಾಡಿಸಿದ್ದರು. ಗುಂಯ್ ನಿಲ್ಲಲಿಲ್ಲ. ನಾನು ಹೋದಾಗ ಸಾಕೆಟ್ಟಿನಲ್ಲಿ ಟೆಸ್ಟರ್ ಇಟ್ಟು ತೋರಿಸಿ, "ನೋಡು, ಕರೆಂಟ್ ಬರ್ತಾ ಇದ್ದು. ಎಂತ ಮಾರಾಯ, ಕಾಯಿಲ್ ಎಷ್ಟು ಓಮ್ ಬರಕು, ಅದೊಂದು ಹೇಳು" ಎಂದರು. ಟೆಸ್ಟರಿನ ನಿಯಾನ್ ದೀಪಕ್ಕೆ ಬೇಕಾಗುವುದು ಮಿಲಿಆಂಪಿಯರಿನ ಒಂದು ಪಾಲು, ಅದೂ ಫೇಸ್ ಕಡೆಯಿಂದ ಮಾತ್ರ. ಕರೆಂಟು ಮರಳುವ ತಂತಿಯಾದ ನ್ಯೂಟ್ರಲ್ ಹೇಗಿದೆ ಎಂಬುದನ್ನು ಅದು ಯಾವ ಜನ್ಮಕ್ಕೂ ಹೇಳುವುದಿಲ್ಲ.

ನಾನು ಮೋಟರನ್ನು ಮುಟ್ಟದೆ ಅಕ್ಕನ ಇಸ್ತ್ರಿ ಪೆಟ್ಟಿಗೆಯನ್ನು ಕೇಳಿದೆ. ಆ ಸಾಕೆಟ್ಟಿಗೆ ಒಂದು ಎಕ್ಸ್‌ಟೆನ್ಷನ್ ಬೋರ್ಡು ಸಿಕ್ಕಿಸಿ, ಪಕ್ಕದ ತೂತುಗಳಲ್ಲಿ ಮೀಟರಿಟ್ಟು ನೋಡಿದಾಗ 232 ವೋಲ್ಟ್ ಇತ್ತು. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಆನ್ ಮಾಡಿದ ಕೂಡಲೇ ಅದು 212ಕ್ಕೆ ಕುಸಿಯಿತು. ಅದೇ ಬೋರ್ಡು, ಅದೇ ಪೆಟ್ಟಿಗೆಯನ್ನು ಅಡುಗೆಮನೆಯ ಸಾಕೆಟ್ಟಿಗೆ ಹಾಕಿದರೆ ಕುಸಿತ ಮೂರು ವೋಲ್ಟ್ ಮಾತ್ರ. ಅಂದರೆ ಶೆಡ್ಡಿನ ಲೈನಿನಲ್ಲಿ 4 ಆಂಪಿಯರ್‌ಗೆ 20 ವೋಲ್ಟ್ ಎಲ್ಲೋ ಸೋರುತ್ತಿತ್ತು, ಆ "ಎಲ್ಲೋ" ಎಂಬ ಜಾಗದ ರೋಧ 5 ಓಮ್. ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದಾಗ ನ್ಯೂಟ್ರಲ್ ಸ್ಕ್ರೂ ಸಡಿಲವಾಗಿ, ತಂತಿಯ ತುದಿ ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿತ್ತು. ಇಸ್ತ್ರಿ ಪೆಟ್ಟಿಗೆ ಉರಿಯುವಾಗ ಆ ಸ್ಕ್ರೂವಿನ ಬುಡದಲ್ಲೇ 80 ವ್ಯಾಟ್ ಶಾಖ ಹುಟ್ಟುತ್ತಿತ್ತು. ಮೀಟರ್ ಅಲ್ಲಿಯೂ ಬೀಪ್ ಎನ್ನುತ್ತಿತ್ತು, ಪರದೆಯ ಮೇಲೆ 5 ಎಂದೂ ತೋರಿಸುತ್ತಿತ್ತು. ಆದರೆ ಬೀಪ್ ಕೇಳಿದ ಮೇಲೆ ಪರದೆಯನ್ನು ನೋಡುವವರು ಯಾರು?

ಆ 5 ಓಮ್ ಮೋಟರಿಗೆ ಮಾಡುತ್ತಿದ್ದ ಅನ್ಯಾಯ ಇನ್ನೂ ದೊಡ್ಡದು. ಹೊರಡುವಾಗಿನ ಭಾರಿ ಕರೆಂಟಿನಲ್ಲಿ ಮೋಟರ್ ತುದಿಗೆ ತಲುಪುತ್ತಿದ್ದದ್ದು ಲೆಕ್ಕದ ಪ್ರಕಾರ 140 ವೋಲ್ಟಿನ ಆಸುಪಾಸು. ತಿರುಚುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, ಉಳಿದದ್ದು ನೂರಕ್ಕೆ ನಲವತ್ತಕ್ಕಿಂತ ಕಡಿಮೆ. ಗುಂಯ್ ಎನ್ನದೆ ಅದು ಇನ್ನೇನು ಮಾಡೀತು?

ಆದ್ದರಿಂದ ನನ್ನನ್ನು ಕೇಳಬೇಕಾದ ಪ್ರಶ್ನೆ "ವೋಲ್ಟೇಜ್ ಎಲ್ಲಿ ಕಳೆದುಹೋಗುತ್ತಿದೆ?" ಎಂಬುದು. ಇದನ್ನು ಯಾರೂ ಕೇಳುವುದಿಲ್ಲ, ಕೇಳಿದವರಿಗೆ ನಾನು ಕಾಫಿ ಕೊಟ್ಟು ಕೂರಿಸಿಕೊಂಡು ಉತ್ತರಿಸುತ್ತೇನೆ. ಉದಾಹರಣೆಗೆ, ಅಂಗಡಿಯಲ್ಲಿ ಸಿಗುವ 1 ಚದರ ಮಿಲಿಮೀಟರಿನ 20 ಮೀಟರ್ ಎಕ್ಸ್‌ಟೆನ್ಷನ್ ವೈರನ್ನೇ ತೆಗೆದುಕೊಳ್ಳಿ. ಹೋಗುವ ತಂತಿ, ಬರುವ ತಂತಿ ಸೇರಿ 40 ಮೀಟರ್, ರೋಧ ಸುಮಾರು 0.78 ಓಮ್. ಮೀಟರಿನಲ್ಲಿ ಇದು ಸೊನ್ನೆಯ ಹಾಗೆಯೇ ಕಾಣುತ್ತದೆ. ಆದರೆ 35 ಆಂಪಿಯರ್ ಎಳೆದು ಹೊರಡುವ ಮೋಟರಿಗೆ ಅದು 27 ವೋಲ್ಟನ್ನು ದಾರಿಯಲ್ಲೇ ತಿಂದುಹಾಕುತ್ತದೆ. 2.5 ಚದರ ಮಿಲಿಮೀಟರಿನ ವೈರು ಹಾಕಿದರೆ ನಷ್ಟ 11 ವೋಲ್ಟಿಗೆ ಇಳಿಯುತ್ತದೆ. "ವೈರು ಹೊಸದು ಸರ್" ಎಂಬುದು ಇದಕ್ಕೆ ಉತ್ತರವಲ್ಲ. ಕರೆಂಟಿನ ಭಾರ ಬಿದ್ದಾಗ ಅಳೆಯುವ ಈ ಕ್ರಮದಲ್ಲಿ ಲೈನ್ ಜೀವಂತವಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಮೀಟರ್ ವೋಲ್ಟ್ ಸ್ಥಾನದಲ್ಲಿರಬೇಕು, ಮುಳ್ಳುಗಳ ಹಿಡಿಕೆ ಒಡೆದಿರಬಾರದು, ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಓಮ್ ಅಳೆಯುವಾಗ ಇದಕ್ಕೆ ತದ್ವಿರುದ್ಧ: ಪ್ಲಗ್ ಹೊರಗಿರಬೇಕು, ಕೆಪಾಸಿಟರ್ ಖಾಲಿಯಾಗಿ ಬಿಚ್ಚಿರಬೇಕು.

ಈ ಅಳತೆಗೆ ಯಾರ ಹೆಸರಿಟ್ಟಿದ್ದಾರೋ ಆ ಜರ್ಮನ್ ವಿಜ್ಞಾನಿ ಓಮ್ ಮಹಾಶಯನಿಗೂ ವೋಲ್ಟೇಜ್ ಕುಸಿಯುವ ಇದೇ ಕಾಟವಿತ್ತು. 1820ರ ದಶಕದಲ್ಲಿ ಅವನು ಪ್ರಯೋಗ ಮಾಡುವಾಗ ಅಂದಿನ ಬ್ಯಾಟರಿಗಳ ವೋಲ್ಟೇಜ್ ನಿಲ್ಲುತ್ತಿರಲಿಲ್ಲ. ಹಾಗಾಗಿ ಅವನು ಬ್ಯಾಟರಿಯನ್ನು ಬಿಟ್ಟು, ಎರಡು ಲೋಹಗಳ ಬೆಸುಗೆಗಳನ್ನು ಒಂದು ಕಡೆ ಬಿಸಿಯಾಗಿ, ಇನ್ನೊಂದು ಕಡೆ ತಣ್ಣಗೆ ಇಟ್ಟು ಸ್ಥಿರವಾದ ವಿದ್ಯುತ್ ಪಡೆದು ತನ್ನ ನಿಯಮವನ್ನು ಕಂಡುಕೊಂಡ.

ಇನ್ನು ಮಳೆಗಾಲದಲ್ಲಿ ಬರುವ ಫೋನುಗಳು. "ಮೋಟರ್ ಹಾಕಿದರೆ ಆರ್‌ಸಿಸಿಬಿ ಬೀಳುತ್ತದೆ, ಬಾಡಿಗೂ ವೈಂಡಿಂಗಿಗೂ ಅಳೆದರೆ ಮೀಟರ್ ಏನನ್ನೂ ತೋರಿಸುವುದಿಲ್ಲ." ಆರ್‌ಸಿಸಿಬಿ ಎಂದರೆ ಕರೆಂಟು ಬೇರೆ ದಾರಿಯಲ್ಲಿ ಸೋರಿದರೆ ಲೈನ್ ಕಡಿಯುವ ಸ್ವಿಚ್. ಆ ಸೋರಿಕೆಯನ್ನು ಮೀಟರ್ ತೋರಿಸಲಾರದು, ಏಕೆಂದರೆ ಅದರ ಬಳಿ ಇರುವುದು ಕೆಲವೇ ವೋಲ್ಟ್. ಮಲೆನಾಡಿನ ತೇವ ಕುಡಿದ ಇನ್ಸುಲೇಷನ್ ಅಷ್ಟಕ್ಕೆ ಬಾಯಿ ಬಿಡುವುದಿಲ್ಲ, 230 ವೋಲ್ಟಿಗೆ ಬಿಡುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೀಳಲು ಏಳೂವರೆ ಸಾವಿರ ಓಮ್‌ನಷ್ಟು ಸೋರುದಾರಿ ಸಾಕು. ರಿವೈಂಡಿಂಗ್ ಅಂಗಡಿಗೆ ಒಯ್ದು ಹೆಚ್ಚು ವೋಲ್ಟೇಜಿನಲ್ಲಿ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್ ಹಾಕಿಸಿ, ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಓಡಿಸಬೇಡಿ. ಮೋಟರನ್ನು ನೂರು ವ್ಯಾಟಿನ ಬಲ್ಬಿನ ಜೊತೆ ಪೆಟ್ಟಿಗೆಯೊಳಗಿಟ್ಟು ಒಂದು ದಿನ ಒಣಗಿಸಿ ಮತ್ತೆ ಅಳೆಸಿ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಲು ದಾರಿ ಕೇಳುವವರು ದಯವಿಟ್ಟು ನನ್ನ ನಂಬರನ್ನು ಅಳಿಸಿಬಿಡಿ.

ಅದೇ ಹೊತ್ತಿಗೆ ಯಂತ್ರದ ಲೋಹದ ಮೈಯಿಂದ ಪ್ಲಗ್ಗಿನ ದಪ್ಪ ಅರ್ಥಿಂಗ್ ಪಿನ್ನಿಗೂ ಅಳೆಯಿರಿ. ಮೀಟರಿನ ವೈರಿನ ರೋಧ ಕಳೆದು ಅರ್ಧ ಓಮ್‌ಗಿಂತ ಕಡಿಮೆ ಇರಬೇಕು. ಇಲ್ಲಿಯೂ ಒಂದೇ ಎಳೆಯ ಮೇಲೆ ನೇತಾಡುವ ಅರ್ಥಿಂಗ್ ತಂತಿ ಮೀಟರಿಗೆ ಪೂರ್ತಿ ತಂತಿಯಂತೆಯೇ ಕಾಣುತ್ತದೆಯಾದ್ದರಿಂದ, ಅಂಕಿ ಸರಿಯಿದ್ದರೂ ಪ್ಲಗ್ಗಿನ ಮುಚ್ಚಳ ಬಿಚ್ಚಿ, ತಂತಿಯನ್ನು ಒಮ್ಮೆ ಎಳೆದು ನೋಡಿ, ಸ್ಕ್ರೂ ಬಿಗಿ ಮಾಡಿ.