ದಿನಕ್ಕೊಮ್ಮೆ ಎರಡಾಗುವ ಕೋಶ

ಶ್ರೀನಿವಾಸಪುರದಲ್ಲಿ ಮಾವು ಕೀಳೋ ಹೊತ್ತು. ನಾನು ಬೆಂಗಳೂರಿನ ಲ್ಯಾಬಿನಲ್ಲಿದ್ದೀನಿ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್, ಎರಡು ತಿಂಗಳು, ಕ್ಯಾನ್ಸರ್ ಕೋಶ ಬೆಳೆಸೋದು ಕಲೀತಿದ್ದೀನಿ.

ಇವತ್ತು ಮೈಕ್ರೋಸ್ಕೋಪಿನಲ್ಲಿ ಹೀಲಾ ಕೋಶ ನೋಡಿದೆ. 1951ರಲ್ಲಿ ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನೋ ತಾಯಿಯ ಗರ್ಭಕಂಠದ ಗೆಡ್ಡೆಯಿಂದ, ಅವರನ್ನ ಒಂದು ಮಾತೂ ಕೇಳದೆ ತೆಗೆದದ್ದು. ಅವರು ಅದೇ ವರ್ಷ ತೀರಿಹೋದರು. ಕೋಶಗಳು ಮಾತ್ರ 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಹೆಚ್ಚೂಕಮ್ಮಿ ದಿನಕ್ಕೊಮ್ಮೆ ಎರಡಾಗ್ತಾನೇ ಇವೆ. ತುಂಬ ಹೊತ್ತು ಕಣ್ಣು ತೆಗೀಲಿಲ್ಲ.

ನಮ್ಮಜ್ಜಿಗೂ ಅದೇ ಕಾಯಿಲೆ. ಮುಟ್ಟು ನಿಂತ ಮೇಲೂ ರಕ್ತ ಹೋಗ್ತಿದ್ದದ್ದನ್ನ ಯಾರಿಗೂ ಹೇಳದೆ, ಕತ್ತಲಲ್ಲೇ ಸೀರೆ ಒಗೆದು ಹಾಕ್ತಿದ್ರಂತೆ. ಗೊತ್ತಾಗೋ ಹೊತ್ತಿಗೆ ತಡವಾಗಿತ್ತು.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಊರಿಗೆ ಬಂದಾಗ ತಪಾಸಣೆಗೆ ಜೊತೇಲೇ ಹೋಗೋಣ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಬಾ. ಬಾದಾಮಿ ಹಣ್ಣಿಗೆ ಹಾಕಿದ್ದೀನಿ" ಅಂದ್ಲು.