ಕೊಬ್ಬಿನ ಆಕರಕೋಶ + ಕೊಲಾಜನ್ ಜೆಲ್: ಗಾಯದ ಪ್ರಾಜೆಕ್ಟ್ ಎಲ್ಲಿಗೆ ಬಂತು

ಕೊಬ್ಬಿನಿಂದ ತೆಗೆದ ಆಕರಕೋಶಗಳನ್ನು (ಸ್ಟೆಮ್ ಸೆಲ್; ಮುಂದೆ ಬರೀ ಸೆಲ್) ಕೊಲಾಜನ್ ಎಂಬ ನಾರಿನ ಪ್ರೋಟೀನ್‌ನ ಜೆಲ್‌ನಲ್ಲಿ ಕೂರಿಸಿ ಇಲಿಯ ಬೆನ್ನಿನ ಗಾಯಕ್ಕೆ ಹಾಕುವ ಕೆಲಸ ಇದು. ಸೆಲ್ ಬೆಳೆಸುವ ಹಂತ ಮುಗಿದಿದೆ, ಜೆಲ್‌ನ ಅಳತೆ ಕೈಗೆ ಹತ್ತಿದೆ, ಸ್ಪ್ಲಿಂಟ್ (ಗಾಯ ಕುಗ್ಗದಂತೆ ಸುತ್ತ ಹಿಡಿಯುವ ಉಂಗುರ) ಕೂರಿಸುವುದು ಹದಕ್ಕೆ ಬಂದಿದೆ. ಉಳಿದ ತಲೆನೋವು ಒಂದೇ: ಜೆಲ್ ಒಳಗೆ ಸೆಲ್ ಬದುಕಿರುವುದು.

ಈ ಸೆಲ್‌ಗಳೇ ಹೊಸ ಚರ್ಮವಾಗುತ್ತವೆ ಎಂದುಕೊಂಡವರು ಇನ್ನೂ ಇದ್ದಾರೆ. ಹಾಗಲ್ಲ. ಹೊಸ ಹೊರಪದರ ಬರುವುದು ಗಾಯದ ಅಂಚಿನ ಕೆರಾಟಿನೊಸೈಟ್ ಎಂಬ ಹೊರಪದರದ ಕೋಶಗಳಿಂದ. ನಾವು ಹಾಕುವ ಸೆಲ್‌ಗಳು ವಿಇಜಿಎಫ್, ಎಚ್‌ಜಿಎಫ್ ಮುಂತಾದ ಬೆಳವಣಿಗೆಯ ಪ್ರೋಟೀನ್‌ಗಳನ್ನು ಸ್ರವಿಸಿ ರಕ್ತನಾಳ ಚಿಗುರಲು, ಉರಿಯೂತ ತಗ್ಗಲು ನೆರವಾಗುತ್ತವೆ, ಅಷ್ಟೇ. ಹೊರಪದರವನ್ನೇ ಲ್ಯಾಬಿನಲ್ಲಿ ಬೆಳೆಸಿ ಹಚ್ಚುವುದು ಬೇರೆ ದಾರಿ. 1975ರಲ್ಲಿ ರೈನ್‌ವಾಲ್ಡ್ ಮತ್ತು ಗ್ರೀನ್ ತೋರಿಸಿದ ಕೆರಾಟಿನೊಸೈಟ್ ಕಲ್ಚರ್‌ನಿಂದ ಶುರುವಾದದ್ದು ಅದು. 2017ರಲ್ಲಿ ವರದಿಯಾದ ಜರ್ಮನಿಯ ಬೋಕುಮ್‌ನ ಪ್ರಕರಣದಲ್ಲಿ ಒಬ್ಬ ಬಾಲಕನ ಮೈಯ ಸುಮಾರು ಶೇ 80ರಷ್ಟು ಹೊರಪದರವನ್ನು ಹೀಗೇ ಬೆಳೆಸಿ ಹಾಕಿದ್ದರು. ನಮ್ಮ ಸೆಲ್‌ಗಳಿಗೆ ಅಂಥ ಹೊಣೆ ಇಲ್ಲ. ಕೆಲವು ದಿನ ಬದುಕಿದ್ದರೆ ಸಾಕು. ಆದರೆ ಆ ಕೆಲವು ದಿನ ಬದುಕಲೇಬೇಕು.

ಸೆಲ್

ಲಿಪೊಸಕ್ಷನ್‌ನಲ್ಲಿ ಹೊರಬಂದ ಕೊಬ್ಬು (ದಾನಿಯ ಒಪ್ಪಿಗೆ, ಎಥಿಕ್ಸ್ ಸಮಿತಿಯ ಅನುಮತಿ ಮೊದಲು). ಸಮಪ್ರಮಾಣದ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ರಕ್ತದ ಕೆಂಪು ಹೋಗುವವರೆಗೆ ತೊಳೆದು, ಶೇ 0.1 ಟೈಪ್ 1 ಕೊಲಾಜಿನೇಸ್‌ನಲ್ಲಿ (ಕೊಲಾಜನ್ ಕತ್ತರಿಸುವ ಕಿಣ್ವ) 37 ಡಿಗ್ರಿಯಲ್ಲಿ 45 ನಿಮಿಷ ಕುಲುಕಿಸಬೇಕು. ಗಂಟುಗಳು ಕರಗಿ ದ್ರವ ನುಣುಪಾದರೆ ಅಲ್ಲಿಗೆ ನಿಲ್ಲಿಸಿ, ಗಡಿಯಾರಕ್ಕೆ ಕಾಯಬೇಡಿ. ಕೊಲಾಜಿನೇಸ್‌ನ ಕಸುವು ಲಾಟ್‌ನಿಂದ ಲಾಟ್‌ಗೆ ಬದಲಾಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಸೆಲ್‌ನ ಮೇಲ್ಮೈಗೂ ಪೆಟ್ಟು. ನಂತರ 1200 ಜಿಯಲ್ಲಿ (ಗುರುತ್ವದ 1200 ಪಟ್ಟು) 10 ನಿಮಿಷ ಸೆಂಟ್ರಿಫ್ಯೂಜ್, ತೇಲುವ ಎಣ್ಣೆ ತೆಗೆದು, ತಳದಲ್ಲಿ ಕೂತ ಸೆಲ್ ಗುಡ್ಡೆಗೆ (ಪೆಲೆಟ್) 160 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್ ಹಾಕಿ ಕೆಂಪು ರಕ್ತಕಣ ಒಡೆದು, 100 ಮೈಕ್ರಾನ್ ಜಾಲರಿಯಲ್ಲಿ ಸೋಸಿ ಫ್ಲಾಸ್ಕ್‌ಗೆ.

ಗುರುತು ಹಿಡಿಯಲು 2006ರ ಐಎಸ್‌ಸಿಟಿ (ಕೋಶ ಚಿಕಿತ್ಸೆಯ ಅಂತರರಾಷ್ಟ್ರೀಯ ಸಂಘ) ಮಾನದಂಡ: ಸೆಲ್ ಮೇಲ್ಮೈಯ ಗುರುತು-ಪ್ರೋಟೀನ್‌ಗಳಾದ ಸಿಡಿ73, ಸಿಡಿ90, ಸಿಡಿ105 ಶೇ 95ರ ಮೇಲೆ ಸೆಲ್‌ಗಳಲ್ಲಿ, ಸಿಡಿ45, ಸಿಡಿ34 ಮುಂತಾದವು ಶೇ 2ರ ಒಳಗೆ, ಜೊತೆಗೆ ಮೂಳೆ, ಕೊಬ್ಬು, ಮೃದ್ವಸ್ಥಿಯ ದಿಕ್ಕಿಗೆ ತಿರುಗುವ ಸಾಮರ್ಥ್ಯ. ಕೊಬ್ಬಿನ ಸೆಲ್‌ಗೆ ಇಲ್ಲೊಂದು ತೊಡಕಿದೆ. ಹೊಸದಾಗಿ ತೆಗೆದಾಗ ಸಿಡಿ34 ಸಾಕಷ್ಟಿರುತ್ತದೆ, ಕಲ್ಚರ್‌ನಲ್ಲಿ ಬೆಳೆಯುತ್ತ ಇಳಿಯುತ್ತದೆ. ಮೊದಲ ಪ್ಯಾಸೇಜ್‌ನಲ್ಲೇ (ಪ್ಯಾಸೇಜ್ ಅಂದರೆ ಸೆಲ್‌ಗಳನ್ನು ಎಬ್ಬಿಸಿ ಹೊಸ ಫ್ಲಾಸ್ಕ್‌ಗೆ ಹಾಕುವ ಒಂದು ಸರದಿ) ಫ್ಲೋ ಸೈಟೊಮೆಟ್ರಿ (ಈ ಗುರುತುಗಳನ್ನು ಎಣಿಸುವ ಪರೀಕ್ಷೆ) ಮಾಡಿ ‘ಬ್ಯಾಚ್ ಕೆಟ್ಟಿದೆ’ ಎಂದು ಎಸೆಯಬಾರದು. ಗಾಯಕ್ಕೆ ಬಳಸುವುದು 3 ಅಥವಾ 4ನೇ ಪ್ಯಾಸೇಜ್ ಮಾತ್ರ, ಫ್ಲಾಸ್ಕ್‌ನ ತಳ ಸೆಲ್‌ಗಳಿಂದ ಶೇ 80 ತುಂಬಿದಾಗ ಎಬ್ಬಿಸಿದ್ದು, ಮೈಕೊಪ್ಲಾಸ್ಮಾ (ಕಲ್ಚರ್‌ಗೆ ಸೇರಿಕೊಳ್ಳುವ ಬ್ಯಾಕ್ಟೀರಿಯಾ) ಪರೀಕ್ಷೆ ದಾಟಿದ್ದು.

ಜೆಲ್

ರ‍್ಯಾಟ್ ಬಾಲದ ಟೈಪ್ 1 ಕೊಲಾಜನ್, 0.02 ನಾರ್ಮಲ್ ಅಸಿಟಿಕ್ ಆಮ್ಲದಲ್ಲಿ ಪ್ರತಿ ಮಿ.ಲೀ.ಗೆ 4 ಮಿ.ಗ್ರಾಂ. ನಾವು ಮೊದಲು ಮಾಡಿದ್ದು ಮಿ.ಲೀ.ಗೆ 2 ಮಿ.ಗ್ರಾಂನ ಜೆಲ್. 1 ಮಿ.ಲೀ.ಗೆ ಅಳತೆ ಹೀಗೆ: 10 ಪಟ್ಟು ಗಾಢವಾದ ಎಂ199 ಮೀಡಿಯಾ (ಸೆಲ್ ಬೆಳೆಸುವ ಪೋಷಕ ದ್ರವ) 90 ಮೈಕ್ರೊಲೀಟರ್, ತಣ್ಣನೆಯ ಸ್ಟೆರೈಲ್ ನೀರು 298.5, 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 11.5, ಕೊಲಾಜನ್ 500, ಕೊನೆಗೆ ಸೆಲ್ ಇರುವ ಸಾಮಾನ್ಯ ಮೀಡಿಯಾ 100. ಹತ್ತು ಪಟ್ಟಿನ ಮೀಡಿಯಾ 100ರ ಬದಲು 90 ಏಕೆಂದರೆ ಸೆಲ್ ಜೊತೆ ಬರುವ 100 ಮೈಕ್ರೊಲೀಟರ್‌ನಲ್ಲಿ ಉಪ್ಪು ಆಗಲೇ ಸಮ ಇದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಪ್ರತಿ ಸಲ 100 ಸುರಿದರೆ ಜೆಲ್ ಸ್ವಲ್ಪ ಉಪ್ಪೇರುತ್ತದೆ.

ಎಲ್ಲವೂ ಐಸ್ ಮೇಲೆ, ಟಿಪ್ ಕೂಡ ಫ್ರಿಜ್‌ನಿಂದಲೇ. ಕೊಲಾಜನ್ ಅಂಟಂಟಾದ್ದರಿಂದ ನಿಧಾನ ಎಳೆಯಬೇಕು. ಬೇಗ ಎಳೆದರೆ ಟಿಪ್‌ನಲ್ಲಿ ಗಾಳಿ ಬಂದು 500 ಎಂದುಕೊಂಡದ್ದು ಕಡಿಮೆಯೇ ಆಗಿರುತ್ತದೆ, ಗೋಡೆಗೂ ಒಂದಿಷ್ಟು ಅಂಟಿ ಉಳಿಯುತ್ತದೆ. ಎಂ199ರಲ್ಲಿ ಫೀನಾಲ್ ರೆಡ್ (ಆಮ್ಲ-ಕ್ಷಾರ ತೋರುವ ಬಣ್ಣ) ಇರುವುದು ದೊಡ್ಡ ಅನುಕೂಲ. ಹಳದಿಯಿದ್ದರೆ ಇನ್ನೂ ಆಮ್ಲ, ನೇರಳೆಗೆ ತಿರುಗಿದರೆ ಕ್ಷಾರ ಹೆಚ್ಚು, ತಿಳಿ ಗುಲಾಬಿ ಬಂದಮೇಲಷ್ಟೇ ಸೆಲ್ ಬೆರೆಸಬೇಕು. ಸೋಡಿಯಂ ಹೈಡ್ರಾಕ್ಸೈಡ್‌ನ ಅಳತೆ (ಕೊಲಾಜನ್‌ನ 0.023 ಪಾಲು) ಹೊಂದುವುದು 0.02 ನಾರ್ಮಲ್ ಆಮ್ಲಕ್ಕೆ. ಲ್ಯಾಬಿನಲ್ಲೇ ಬಾಲದಿಂದ ಕೊಲಾಜನ್ ತೆಗೆದು 0.1 ನಾರ್ಮಲ್ ಆಮ್ಲದಲ್ಲಿ ಕರಗಿಸಿಟ್ಟವರು ಇದೇ ಅಳತೆ ಹಾಕಿ ‘ಜೆಲ್ ಕಟ್ಟುತ್ತಿಲ್ಲ’ ಎನ್ನುವುದು ಮಾಮೂಲು.

37 ಡಿಗ್ರಿಯಲ್ಲಿ ಅರ್ಧ ಗಂಟೆಗೆ ಕಟ್ಟುತ್ತದೆ. ಅಷ್ಟರೊಳಗೆ ಸೆಲ್‌ಗಳು ತಳಕ್ಕಿಳಿಯುತ್ತವೆ. ಪ್ಲೇಟ್‌ನಲ್ಲಾದರೆ ಹನಿ ಅಂಟಿದ ಮೇಲೆ ತಲೆಕೆಳಗೆ ಮಾಡಿಡಬಹುದು. ಇಲಿಯ ಬೆನ್ನನ್ನು ಹಾಗೆ ಮಾಡಲಾಗದು. ಗಾಯಕ್ಕೆ ಹಾಕುವ ಮುನ್ನ ಮಿಶ್ರಣವನ್ನು ಐಸ್‌ನಿಂದ ಹೊರಗೆ ಒಂದೆರಡು ನಿಮಿಷ ಇಟ್ಟು, ತುಸು ಮಂದವಾಗುತ್ತಿರುವಾಗಲೇ ಅಗಲ ಬಾಯಿಯ ಟಿಪ್‌ನಿಂದ ಬಿಡುತ್ತೇವೆ. ಇನ್ನೂ ತಡವಾದರೆ ಅರ್ಧ ಕಟ್ಟಿದ ಜೆಲ್ ಪಿಪೆಟ್‌ನಲ್ಲಿ ಒಡೆದು ಮೊಸರಿನ ಗಡ್ಡೆಯಂತೆ ಬೀಳುತ್ತದೆ, ಅದು ಮತ್ತೆ ಕೂಡುವುದಿಲ್ಲ.

ಎರಡನೇ ಸಮಸ್ಯೆ ಕುಗ್ಗುವಿಕೆ. ಸೆಲ್‌ಗಳು ಕೊಲಾಜನ್ ನಾರನ್ನು ಹಿಡಿದೆಳೆದು ಜೆಲ್‌ ಅನ್ನು ಅಂಚಿನಿಂದ ಬಿಡಿಸುತ್ತವೆ. ಸೆಲ್ ಹೆಚ್ಚಿದಷ್ಟೂ, ಕೊಲಾಜನ್ ಕಡಿಮೆಯಾದಷ್ಟೂ ಎಳೆತ ಜೋರು. ಮಿ.ಲೀ.ಗೆ 50 ಲಕ್ಷ ಸೆಲ್ ಇಟ್ಟುಕೊಂಡು 2 ಮಿ.ಗ್ರಾಂ ಸಾಲದು. ಈಗ 3 ಮಿ.ಗ್ರಾಂಗೆ ಹೋಗಿದ್ದೇವೆ: ಕೊಲಾಜನ್ 750, ಹೈಡ್ರಾಕ್ಸೈಡ್ 17.25, ಎಂ199 90, ಸೆಲ್ 100, ಉಳಿದ 42.75 ನೀರು. ಕೊಲಾಜನ್ ಬದಲು ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ನಾರು) ಬಳಸಿದರೆ ಅಂಚಿಗೆ ಚೆನ್ನಾಗಿ ಅಂಟುತ್ತದೆ ನಿಜ, ಆದರೆ ಈ ಸೆಲ್‌ಗಳೇ ಪ್ಲಾಸ್ಮಿನ್ ಎಂಬ ಕಿಣ್ವ ಎಬ್ಬಿಸಿ ಅದನ್ನು ಕರಗಿಸುತ್ತವೆ, ತಡೆಯಲು ಅಪ್ರೊಟಿನಿನ್ ಎಂಬ ಔಷಧ ಬೇಕು. ಸದ್ಯಕ್ಕೆ ಆ ಗೋಜು ಬೇಡ.

ಸೆಲ್ ಏಕೆ ಸಾಯುತ್ತದೆ

6 ಮಿ.ಮೀ. ವ್ಯಾಸದ ಗಾಯದ ವಿಸ್ತೀರ್ಣ ಸುಮಾರು 28 ಚದರ ಮಿ.ಮೀ. ಅಲ್ಲಿ 40 ಮೈಕ್ರೊಲೀಟರ್ ಜೆಲ್ ಹಾಕಿದರೆ ದಪ್ಪ 1.4 ಮಿ.ಮೀ. ಜೀವಂತ ಅಂಗಾಂಶದಲ್ಲಿ ಆಮ್ಲಜನಕ ರಕ್ತನಾಳದಿಂದ ದಾಟುವುದು 100–200 ಮೈಕ್ರಾನ್. ಹೊಸ ಗಾಯದ ತಳದಲ್ಲಿ ನಾಳವೇ ತುಂಡಾಗಿರುತ್ತದೆ. ಇಷ್ಟು ಲೆಕ್ಕ ಹಾಕಿದರೆ ನಡುವಿನ ಸೆಲ್‌ಗಳ ಗತಿ ಏನೆಂದು ಬೇರೆ ಹೇಳಬೇಕಿಲ್ಲ. ಹಾಗಾಗಿ ಪ್ರಮಾಣ 20 ಮೈಕ್ರೊಲೀಟರ್‌ಗೆ ಇಳಿಸಿದ್ದೇವೆ: ದಪ್ಪ 0.7 ಮಿ.ಮೀ., ಸೆಲ್ 1 ಲಕ್ಷ. ಹೆಚ್ಚು ಸೆಲ್ ತುರುಕುವುದಕ್ಕಿಂತ ತೆಳ್ಳಗೆ ಹಾಕುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಪ್ಲೇಟ್‌ನಲ್ಲಿ ಪರೀಕ್ಷಿಸಲು ಕ್ಯಾಲ್ಸೀನ್ ಎಎಂ (ಬದುಕಿದ ಸೆಲ್‌ಗೆ ಹಸಿರು) 2 ಮೈಕ್ರೊಮೋಲಾರ್, ಎಥಿಡಿಯಂ ಹೋಮೊಡೈಮರ್ (ಸತ್ತದ್ದಕ್ಕೆ ಕೆಂಪು) 4 ಮೈಕ್ರೊಮೋಲಾರ್, 45 ನಿಮಿಷ. ಜೆಲ್‌ನಲ್ಲಿ ಸೀರಂ ಉಳಿದಿದ್ದರೆ ಹಿನ್ನೆಲೆಯೆಲ್ಲ ಹಸಿರಾಗುತ್ತದೆ, ಮೊದಲು ಪಿಬಿಎಸ್‌ನಲ್ಲಿ ಚೆನ್ನಾಗಿ ತೊಳೆಯಿರಿ.

ಇಲಿ, ಸ್ಪ್ಲಿಂಟ್, ಅಳತೆ

ಇಲಿಯ ಚರ್ಮದಡಿ ಪ್ಯಾನಿಕ್ಯುಲಸ್ ಕಾರ್ನೋಸಸ್ ಎಂಬ ತೆಳು ಸ್ನಾಯು ಇದೆ. ಗಾಯವನ್ನು ಅದು ಎಳೆದು ಮುಚ್ಚಿಬಿಡುತ್ತದೆ. ಮನುಷ್ಯನ ಗಾಯ ವಾಸಿಯಾಗುವ ರೀತಿ ಅದಲ್ಲ. ಸ್ಪ್ಲಿಂಟ್ ಇಲ್ಲದ ಪ್ರಯೋಗದ ‘ಬೇಗ ಮುಚ್ಚಿತು’ ಫೋಟೊಗಳನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. 0.5 ಮಿ.ಮೀ. ದಪ್ಪದ ಸಿಲಿಕೋನ್ ಉಂಗುರ, ಒಳವ್ಯಾಸ 8 ಮಿ.ಮೀ., ಸುತ್ತ 6-0 ನೈಲಾನ್‌ನ ಎಂಟು ಬಿಡಿ ಹೊಲಿಗೆ, ಮೇಲೆ ಪಾರದರ್ಶಕ ಫಿಲ್ಮ್ ಡ್ರೆಸಿಂಗ್. ಅಂಟು ಮಾತ್ರ ನಂಬಿದರೆ ಕಿತ್ತುಹೋಗುತ್ತದೆ. ಒಂದು ಗೂಡಿಗೆ ಒಂದೇ ಇಲಿ, ಇಲ್ಲದಿದ್ದರೆ ಪಕ್ಕದ್ದು ಹೊಲಿಗೆ ಕಡಿಯುತ್ತದೆ. ಉಂಗುರ ಸಡಿಲಾದ ಗಾಯವನ್ನು ಲೆಕ್ಕದಿಂದ ಬಿಡುತ್ತೇವೆ; ಈ ನಿಯಮ ಪ್ರಯೋಗಕ್ಕೆ ಮುಂಚೆಯೇ ಬರೆದಿಡಬೇಕು. ಅರಿವಳಿಕೆ, ನೋವುನಿವಾರಕ ಎಲ್ಲವೂ ಪ್ರಾಣಿ ನೈತಿಕ ಸಮಿತಿ ಒಪ್ಪಿದಂತೆ.

ಗುಂಪು ಐದು: ಡ್ರೆಸಿಂಗ್ ಮಾತ್ರ, ಬರೀ ಜೆಲ್, ಜೆಲ್ + ಸೆಲ್, ಜೆಲ್ + ಸೆಲ್ ಬೆಳೆದ ಮೀಡಿಯಾದ ಸಾರ, ಜೆಲ್ + ಫ್ರೀಜ್ ಮಾಡಿ ಕರಗಿಸಿ ಕೊಂದ ಸೆಲ್. ಕೊನೆಯೆರಡು ಇಲ್ಲದಿದ್ದರೆ ಜೀವಂತ ಸೆಲ್ ಬೇಕಿತ್ತೇ ಎಂದು ತಿಳಿಯುವುದೇ ಇಲ್ಲ. ಒಂದು ಇಲಿಗೆ ಎರಡು ಗಾಯ ಮಾಡಿದರೂ ಲೆಕ್ಕಕ್ಕೆ ಇಲಿ ಒಂದೇ.

ಸ್ಲೈಡ್ ಮಾಡುವಾಗ ಗಾಯದ ನಡುಮಧ್ಯದಲ್ಲಿ ಬ್ಲೇಡಿನಿಂದ ಎರಡು ಹೋಳು ಮಾಡಿ, ಕತ್ತರಿಸಿದ ಮುಖ ಕೆಳಗಿರುವಂತೆ ಪ್ಯಾರಾಫಿನ್‌ನಲ್ಲಿ ಕೂರಿಸಬೇಕು. 6 ಮಿ.ಮೀ. ವೃತ್ತದಲ್ಲಿ ಸೆಕ್ಷನ್ ನಡುವಿನಿಂದ 2 ಮಿ.ಮೀ. ಸರಿದರೆ ಗಾಯದ ಅಗಲ 4.5 ಮಿ.ಮೀ. ಕಾಣುತ್ತದೆ. ಏನೂ ವಾಸಿಯಾಗದೆ ಕಾಲು ಭಾಗ ವಾಸಿಯಾದಂತೆ!

ಮುಂದಿನದು 3ನೇ ದಿನದ ಸ್ಯಾಂಪಲ್. ಮಾನವ ನ್ಯೂಕ್ಲಿಯರ್ ಆಂಟಿಜನ್‌ಗೆ (ಇಲಿಯ ಕೋಶದಲ್ಲಿಲ್ಲದ, ಮಾನವ ಕೋಶದ ಗುರುತು) ಬಣ್ಣ ಹಾಕಿ, 20 ಮೈಕ್ರೊಲೀಟರ್ ಜೆಲ್‌ನಲ್ಲಿ ಸೆಲ್‌ಗಳು ಎಲ್ಲಿ ಉಳಿದಿವೆ, ತಳದಲ್ಲೋ ಮೇಲ್ಮೈಯಲ್ಲೋ ಎಂದು ನೋಡುತ್ತೇವೆ. ಅಲ್ಲಿ ಸೆಲ್ ಕಾಣಿಸಿದರೆ 14 ದಿನದ ಪೂರ್ತಿ ಸೆಟ್ ಶುರು. ಕಾಣಿಸದಿದ್ದರೆ ಇನ್ನಷ್ಟು ಇಲಿ ಬಳಸುವ ಮೊದಲು, ಶೇ 1–5 ಆಮ್ಲಜನಕದಲ್ಲಿ ಒಂದು ದಿನ ಪಳಗಿಸಿದ ಸೆಲ್‌ಗಳನ್ನು ಪ್ಲೇಟ್‌ನಲ್ಲಿ ಪರೀಕ್ಷಿಸುತ್ತೇವೆ.